ಕಂಪ್ಯೂಟರಿನ ಕಣ್ಣೂ ನನ್ನ ಅರ್ಚನೆ ಚೀಟಿಯೂ

ಮೂರು ಕಣ್ಣಿದ್ದೂ ಒಂದನ್ನು ಸದಾ ಮುಚ್ಚಿಯೇ ಇಟ್ಟುಕೊಂಡಿರುವ ನನ್ನಪ್ಪ ಶಿವನೇ, ಮೊದಲು ನಿನಗೆ ಶರಣು. ತೆರೆದ ಎರಡು ಕಣ್ಣಲ್ಲಿ ನಮ್ಮನ್ನು ಕಾಯುತ್ತೀಯ, ಮುಚ್ಚಿದ ಒಂದು ಕಣ್ಣಲ್ಲಿ ನಮ್ಮ ಮರ್ಯಾದೆ ಉಳಿಸುತ್ತೀಯ. ಈ ಎರಡನೆಯ ಮಾತು ನನಗೆ ತಿಳಿಯಲು ಐವತ್ತಾರು ವರ್ಷವೂ ಒಂದು ಕಂಪ್ಯೂಟರೂ ಬೇಕಾಯಿತು.

ನಮ್ಮ ಆಫೀಸಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ ನಮ್ಮದು. ಹೊರದೇಶದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯ ಬಾಯಲ್ಲಿ ಹೇಳಿ ಕಳಿಸುತ್ತಾರೆ. ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡಿ ಕಳಿಸುತ್ತೇವೆ. ಭದ್ರಾವತಿಯಲ್ಲಿ ಇದರದೇ ಒಂದು ಚಿಕ್ಕ ಶಾಖೆ ಇದೆ. ನಾನು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದವಳು. ಶಿವಮೊಗ್ಗದ ಅರ್ಧ ಗುಮಾಸ್ತರ ಬೆರಳುಗಳು ನನ್ನ ಸ್ಕೇಲಿನ ಏಟು ತಿಂದು ನೆಟ್ಟಗಾದವು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ನಾನು ಇಲ್ಲಿಗೆ ಬಂದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಇಪ್ಪತ್ತೆಂಟರ ಹುಡುಗಿ. ವಿನೋಬನಗರದಲ್ಲಿ ನಮ್ಮ ಮನೆಯ ಮುಂದಿನ ಕ್ರಾಸಿನವಳೇ. ತಂದೆ ಇಲ್ಲ, ಮನೆಯಲ್ಲಿ ತಾಯಿ, ಮತ್ತೆ ತಂದೆಯ ಅಕ್ಕ, ಅಂದರೆ ಸೋದರತ್ತೆ. ನಾಲ್ಕು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡಂತೆ ಉಂಡಿದ್ದೇವೆ. ನನ್ನ ರೊಟ್ಟಿ ಅವಳಿಗೆ, ಅವಳ ಚಿತ್ರಾನ್ನ ನನಗೆ. ಈಗ ಅವಳು ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಾಳೆ. ಅವಳನ್ನು ನಾನು ಹೇಗೆ ಕಳೆದುಕೊಂಡೆ ಅನ್ನುವುದೇ ಈ ಪ್ರಸಂಗಗಳ ಹೊಟ್ಟೆಯೊಳಗಿನ ಮಾತು. ನಗು ಬಂದಲ್ಲಿ ನಗಿ. ನನಗೂ ಬರುತ್ತದೆ, ಆಮೇಲೆ ಹಣೆಗೆ ವಿಭೂತಿ ಇಟ್ಟುಕೊಂಡು ಸುಮ್ಮನಾಗುತ್ತೇನೆ.

೧. ಸಹಿ

ಒಂದು ದಿನ ಮ್ಯಾನೇಜರು ಎಲ್ಲರಿಗೂ ನಾಲ್ಕು ಪುಟದ ಕಾಗದ ಹಂಚಿದರು. ಕಂಪ್ಯೂಟರಿಗೆಲ್ಲ ಹೊಸದೊಂದು ಸಾಫ್ಟ್‌ವೇರ್ ಹಾಕುತ್ತಾರಂತೆ, ಒಪ್ಪಿಗೆ ಬೇಕಂತೆ. ನಾನು ಪೆನ್ನು ತೆಗೆದೆ. ಪಕ್ಕದವಳು ಕೂತು ನಾಲ್ಕೂ ಪುಟ ಓದಿದಳು.

"ಆಂಟಿ, ಹತ್ತು ನಿಮಿಷಕ್ಕೊಂದ್ಸಲ ನಮ್ಮ ಸ್ಕ್ರೀನಿನ ಫೋಟೋ ತೆಗೆಯುತ್ತಂತೆ. ನಮ್ಮ ಮುಖದ್ದೂ ತೆಗೆಯುತ್ತಂತೆ. ಊಟದ ಹೊತ್ತಲ್ಲೂ."

"ತೆಗೀಲಿ ಬಿಡೇ ಮಾರಾಯ್ತಿ. ಮುಚ್ಚಿಡೋಕೆ ನಮ್ಮತ್ರ ಏನಿದೆ?"

ಅವಳು ನನ್ನ ಕೊರಳು ನೋಡಿದಳು. ಸೆರಗಿನ ಒಳಗೆ ನನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತದೆ. "ನಿಮ್ಮ ಕರಡಿಗೆ ಬಿಚ್ಚಿ ತೋರಿಸ್ತೀರಾ ಹಾಗಾದ್ರೆ?"

ನನ್ನ ಕೈ ತಾನಾಗಿ ಎದೆಗೆ ಹೋಯಿತು. "ಏಯ್, ಅದು ದೇವರು ಕಣೇ! ಕಂಡಕಂಡವರಿಗೆ ತೋರಿಸೋದಲ್ಲ."

"ನನ್ನತ್ರಾನೂ ಅಂಥದ್ದೊಂದು ಇರಬಹುದಲ್ಲ ಆಂಟಿ."

ನಾನು ನಕ್ಕುಬಿಟ್ಟೆ. ದೊಡ್ಡವಳು ನಾನೇ ಸಹಿ ಹಾಕಿದೆನೆಂದು ಅವಳೂ ಹಾಕಿದಳು. ಮ್ಯಾನೇಜರು ಕಾಗದ ತೆಗೆದುಕೊಳ್ಳುತ್ತ, "ಪೂರ್ತಿ ಓದಿದ್ರಾ ಅಮ್ಮ?" ಅಂದರು.

"ಶಿವನ ಸಾಕ್ಷಿಯಾಗಿ ಓದಿದ್ದೀನಿ" ಅಂದೆ.

ಒಂದಕ್ಷರ ಓದಿರಲಿಲ್ಲ. ಎಲ್ಲವನ್ನೂ ಹಿಡಿಯುವ ಆ ಸಾಫ್ಟ್‌ವೇರು ಇವತ್ತಿನವರೆಗೂ ಹಿಡಿಯದೆ ಬಿಟ್ಟದ್ದು ಅದೊಂದನ್ನೇ.

೨. ಜಪದ ಏಳು ನಿಮಿಷ

ನಾನು ಮಧ್ಯಾಹ್ನ ಹನ್ನೆರಡಕ್ಕೆ ಕಣ್ಣು ಮುಚ್ಚಿ ನೂರೆಂಟು ಸಲ "ಓಂ ನಮಃ ಶಿವಾಯ" ಅನ್ನುವವಳು. ಮದುವೆಯಾದ ವರ್ಷದಿಂದ ತಪ್ಪಿಸಿಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಗದ್ದಲದಲ್ಲೂ ತಪ್ಪಿರಲಿಲ್ಲ. ಆದರೆ ಈ ಹೊಸ ಯಂತ್ರಕ್ಕೆ ಐದು ನಿಮಿಷ ಕೈ ಆಡದಿದ್ದರೆ ಹೆಸರಿನ ಮುಂದೆ ಕೆಂಪು ಬೀಳುತ್ತದೆ. ನನ್ನ ಹೆಸರಿಗೆ ದಿನಾ ಹನ್ನೆರಡರ ಹೊತ್ತಿಗೆ ಸರಿಯಾಗಿ, ಕುಂಕುಮ ಇಟ್ಟಂತೆ, ಕೆಂಪು.

ಮ್ಯಾನೇಜರು ಕರೆದರು. "ಅಮ್ಮ, ಹನ್ನೆರಡಕ್ಕೆ ಏಳು ನಿಮಿಷ ಏನು ಮಾಡ್ತೀರಿ? ಮೇಲಿನವರು ಕೇಳ್ತಿದ್ದಾರೆ."

"ನಾನೂ ಮೇಲಿನವನನ್ನೇ ಕೇಳ್ತಿರ್ತೀನಿ ಸಾರ್."

ಅದು ಅವರಿಗೆ ಸಾಲಲಿಲ್ಲ. ಪಕ್ಕದವಳು ಉಪಾಯ ಹೇಳಿದಳು: "ಜಪಾನ ಟೈಪ್ ಮಾಡಿಬಿಡಿ ಆಂಟಿ. ದೇವರಿಗೂ ಆಯ್ತು, ಇದಕ್ಕೂ ಆಯ್ತು."

ಮಾಡಿದೆ. ನನ್ನ ಬೆರಳಿನ ವೇಗಕ್ಕೆ ನೂರೆಂಟು ಯಾವ ದೊಡ್ಡದು? ಮೂರು ದಿನದಲ್ಲಿ ಇಡೀ ಆಫೀಸಿಗೆ ನಾನೇ ಮೊದಲು, ಗೋಡೆಯ ಮೇಲೆ ನನ್ನ ಫೋಟೋ. ನಾಲ್ಕನೆಯ ದಿನ ಮಾತ್ರ ಟೈಪ್ ಮಾಡಿದ್ದನ್ನು ಅಳಿಸಲು ಮರೆತೆ. ಮಂಡಿನೋವಿನ ಒಬ್ಬ ರೋಗಿಯ ಕಾಗದದ ಕೊನೆಯಲ್ಲಿ, ಔಷಧಿಗಳ ಸಾಲಿನ ಕೆಳಗೆ, ಅದು ಹಾಗೇ ಸಮುದ್ರ ದಾಟಿ ಹೋಯಿತು.

ಮಾರನೆಯ ದಿನ ಆ ಕಡೆಯ ಡಾಕ್ಟರರ ಕಚೇರಿಯಿಂದ ವಿನಯವಾಗಿ ಒಂದು ಪ್ರಶ್ನೆ ಬಂತು: ಈ ಔಷಧಿ ತಮ್ಮ ಪಟ್ಟಿಯಲ್ಲಿ ಇಲ್ಲ, ದಿನಕ್ಕೆ ನೂರೆಂಟು ಹೆಚ್ಚಾಗುವುದಿಲ್ಲವೇ, ಊಟಕ್ಕೆ ಮೊದಲೋ ಆಮೇಲೋ?

೩. ಭದ್ರಾವತಿಯ ನಿಂಬೆಹಣ್ಣು

ಭದ್ರಾವತಿ ಶಾಖೆಯಲ್ಲಿ ಕಡತ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಬಂದವರು. ಮನೆಮಾತು ತಮಿಳು, ಕನ್ನಡ ಕಾರ್ಖಾನೆಯದು, ಭಕ್ತಿ ಎರಡರದ್ದೂ. ಮೊದಲ ದಿನ ಕ್ಯಾಮೆರಾದ ಮುಂದೆ ಅವರು ಮಾಡಿದ ಕೆಲಸ ಅಂದರೆ ಊಟದ ಕ್ಯಾರಿಯರ್ ಬಿಚ್ಚಿ, ಒಂದೊಂದೇ ಪಾತ್ರೆ ಎತ್ತಿ ತೋರಿಸಿದ್ದು. ಅನ್ನ, ಸಾಂಬಾರು, ಮೇಲಿನದರಲ್ಲಿ ಬೀಟ್‌ರೂಟ್ ಪಲ್ಯ.

"ಏನು ಮಾಡ್ತಿದ್ದೀರಿ ಯಜಮಾನ್ರೇ?" ಅಂತ ಮ್ಯಾನೇಜರು ಫೋನಿನಲ್ಲಿ ಕೇಳಿದರೆ, "ಗೇಟ್ ಚೆಕಿಂಗ್ ಸಾರ್. ಅಲ್ಲಿ ಮೂವತ್ತು ವರ್ಷ ಬಿಚ್ಚಿ ತೋರ್ಸಿದೀನಿ. ಅಲ್ಲಿ ಕೈ ಹಾಕಿ ನೋಡೋರು. ಇದು ಪಾಪ ದೂರದಿಂದ ನೋಡ್ತದೆ. ಮರ್ಯಾದಸ್ಥ" ಅಂದರು.

ವಾರ ಕಳೆಯುವುದರೊಳಗೆ ಅವರಿಗೆ ಜ್ವರ ಬಂತು. ವಾಪಸು ಬಂದವರೇ ಕ್ಯಾಮೆರಾಕ್ಕೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದರು. ನಮ್ಮ ಕಡೆಯ ಪರದೆಯಲ್ಲಿ ಅವರ ಮುಖವಿರುವ ಜಾಗದಲ್ಲಿ ಬರೀ ಮೆಣಸಿನಕಾಯಿ.

ಮ್ಯಾನೇಜರು ಕೂಗಾಡಿದರು. ಹಿರಿಯರು ಶಾಂತವಾಗಿ ಕೇಳಿದರು, "ಸಾರ್, ನಿಮ್ಮ ಮಗು ತೊಟ್ಟಿಲಲ್ಲಿ ಮಲಗಿದೆ ಅಂತ ಇಟ್ಕೊಳ್ಳಿ. ಒಬ್ಬ ಬಂದು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ರೆಪ್ಪೆ ಹೊಡೀದೆ ಅದನ್ನೇ ನೋಡ್ತಾ ಕೂತ್ರೆ ಸುಮ್ಮನೆ ಇರ್ತೀರಾ? ದೃಷ್ಟಿ ತೆಗೀತೀರೋ ಇಲ್ವೋ?"

ಮುಂದಿನ ಸೋಮವಾರ ಮ್ಯಾನೇಜರ ಸ್ವಂತ ಕ್ಯಾಮೆರಾದ ಪಕ್ಕದಲ್ಲೂ ಒಂದು ನಿಂಬೆಹಣ್ಣು ತೂಗುತ್ತಿತ್ತು. ಚಿಕ್ಕದು. ಹುದ್ದೆಗೆ ತಕ್ಕಂತೆ ಪ್ಲಾಸ್ಟಿಕ್ಕಿನದು.

೪. ಆನೆಯ ಸ್ನಾನ

ಫೋಟೋಗಳು ರಾಶಿ ಬಿದ್ದವು. ಅದನ್ನು ದಿನಾ ಒಬ್ಬರು ನೋಡಿ ವರದಿ ಬರೆಯಬೇಕು. ಮ್ಯಾನೇಜರು ನನ್ನನ್ನು ಕರೆದು, "ಅಮ್ಮ, ನೀವು ದೇವರಂಥವರು. ನೀವೇ ನೋಡಿ" ಅಂದರು.

ದೇವರಂಥವರು ಅಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಒಪ್ಪಿಕೊಂಡೆ. ಪಕ್ಕದವಳು ಮೆಲ್ಲಗೆ ಕೇಳಿದಳು, "ಎಲ್ಲರದ್ದೂ ನೋಡ್ತೀರಾ ಆಂಟಿ?"

"ಸುಮ್ಮನೆ ಕಣ್ಣು ಹಾಯಿಸ್ತೀನಿ ಅಷ್ಟೇ. ನಿನ್ನದಂತೂ ನೋಡೋದೇ ಇಲ್ಲ ಕಣೇ."

ಆ ಮಾತು ಕೊಟ್ಟಾಗ ನನ್ನ ಕೈ ಕರಡಿಗೆಯ ಮೇಲೇ ಇತ್ತು.

ನೋಡುತ್ತ ನೋಡುತ್ತ ನನಗೆ ಎಲ್ಲರ ಮನೆಯ ಸುದ್ದಿಯೂ ಗೊತ್ತಾಗತೊಡಗಿತು. ಯಾರ ಮಗುವಿಗೆ ಕೆಮ್ಮು, ಯಾರಿಗೆ ಸೊಂಟನೋವು, ಯಾರು ಹೆಂಡತಿಗೆ ಹೇಳದೆ ಬಲೂನು ಚಿತ್ರದ ಅಂಗಿ ತರಿಸಿಕೊಂಡರು. "ಮಗುವಿನ ಕೆಮ್ಮು ಹೇಗಿದೆ?" ಅಂತ ನಾನು ಪ್ರೀತಿಯಿಂದ ಕೇಳಿದರೆ ಅವರು ದೆವ್ವ ಕಂಡಂತೆ ಹಿಂದೆ ಸರಿಯುತ್ತಿದ್ದರು. ಅಂತರ್ಯಾಮಿಯಾದವರಿಗೆ ಗೆಳೆಯರಿಲ್ಲ ಅನ್ನುವುದು ಆಗಲೇ ತಿಳಿಯಬೇಕಿತ್ತು.

ಫೋಟೋಗಳಲ್ಲಿ ಮ್ಯಾನೇಜರದ್ದೂ ಇತ್ತು. ಅವರು ದಿನಾ ಮೂರೂಕಾಲಕ್ಕೆ ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವ ವಿಡಿಯೋ ನೋಡುತ್ತಿದ್ದರು. ಒಂದು ಮರಿಯಾನೆ ತುಂಗೆಯಲ್ಲಿ ಅಡ್ಡ ಮಲಗಿ ಕಿವಿ ತಿಕ್ಕಿಸಿಕೊಳ್ಳುತ್ತದೆ. ಅದನ್ನೇ ಮತ್ತೆ ಮತ್ತೆ. ನಾನು ಸುಳ್ಳು ಬರೆಯುವವಳಲ್ಲ. ವರದಿಯಲ್ಲಿ ಅವರ ಹೆಸರಿನ ಮುಂದೆ "ಮೂರೂಕಾಲು: ಆನೆ ಸ್ನಾನ" ಅಂತ ವಾರವಿಡೀ ಬರೆದು ಮೇಲಿನವರಿಗೆ ಕಳಿಸಿದೆ.

ಮ್ಯಾನೇಜರು ಕೆಂಪಗಾಗಿ ಬಂದರು. "ಅಮ್ಮ, ಪಟ್ಟಿಯಿಂದ ನನ್ನ ಹೆಸರು ತೆಗೀರಿ."

"ಸಾರ್, ತಪ್ಪೇನಿದೆ? ಆನೆ ಅಂದ್ರೆ ಗಣಪತಿ."

"ತಪ್ಪಲ್ಲ ಅಮ್ಮ. ಆದ್ರೆ ಅದು ನನ್ನದು. ಸ್ನಾನದ ಹೊತ್ತಲ್ಲಿ ಆನೆಗೂ ಒಂದು ಮರ್ಯಾದೆ ಬೇಡ್ವಾ?"

ಅವತ್ತಿನಿಂದ ಮ್ಯಾನೇಜರದ್ದನ್ನೂ ಆನೆಯದ್ದನ್ನೂ ನೋಡುವುದು ನಿಂತಿತು. ಉಳಿದವರೆಲ್ಲ ಆನೆಯಷ್ಟು ಅದೃಷ್ಟವಂತರಾಗಿರಲಿಲ್ಲ.

೫. ಶ್ರಾವಣದ ಮೊದಲ ಸೋಮವಾರ

ಮಾತು ಕೊಟ್ಟಂತೆ ಎರಡು ತಿಂಗಳು ಪಕ್ಕದವಳ ಫೋಟೋ ನೋಡಲಿಲ್ಲ. ಒಂದು ದಿನ ಅವಳು ಬಾಡಿದ ಮುಖದಲ್ಲಿ ಬಂದಳು. ಏನಾಯಿತೋ ಅನ್ನುವ ಕಾಳಜಿ ನನಗೆ. ಕಾಳಜಿ ಅಂತಲೇ ಹೆಸರಿಟ್ಟುಕೊಂಡೆ. ನೋಡಿದೆ.

ಊಟದ ಹೊತ್ತಿನ ಫೋಟೋ. ಮದುವೆ ಸಂಬಂಧ ಹುಡುಕುವ ಪುಟ. ಅದರಲ್ಲಿ ಒಬ್ಬ ವರ, ಬಿಳಿ ಮೀಸೆ, ವಯಸ್ಸು ಐವತ್ತನಾಲ್ಕು. ಮಾರನೆಯ ದಿನ ಇನ್ನೊಬ್ಬ, ಐವತ್ತೇಳು, ತಲೆ ಪೂರ್ತಿ ಬೋಳು, ಪತ್ನಿ ತೀರಿಕೊಂಡಿದ್ದಾರೆ, ಹೂವಿನ ಗಿಡ ಬೆಳೆಸುವ ಹವ್ಯಾಸ. ಮೂರನೆಯ ದಿನವೂ ಅದೇ ಐವತ್ತೇಳು. ಈ ಸಲ ಫೋಟೋ ದೊಡ್ಡದು ಮಾಡಿ ನೋಡಿದ್ದಾಳೆ!

ಇಪ್ಪತ್ತೆಂಟರ ಹುಡುಗಿ, ಐವತ್ತೇಳರ ಗಂಡು. ನಮ್ಮ ಯಜಮಾನರಿಗಿಂತ ಎರಡೇ ವರ್ಷ ಚಿಕ್ಕವನು. ಅವಳನ್ನೇ ಕೇಳಬಹುದಿತ್ತು. ಕೇಳಿದರೆ ನಾನು ನೋಡಿದ್ದು ಗೊತ್ತಾಗುತ್ತದೆ. ಅದಕ್ಕೆ ದೇವರಿಗೆ ಹೇಳೋಣ ಅಂದುಕೊಂಡೆ. ದೇವರಿಗೆ ಹೇಳಿದ್ದು ಚಾಡಿಯಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಮನಸ್ಸಿನಲ್ಲೇ ಹೇಳಿದ್ದರೆ ಆಗುತ್ತಲೂ ಇರಲಿಲ್ಲ. ನಾನು ಚೀಟಿ ಬರೆದೆ.

ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಅರ್ಚನೆ ಮಾಡಿಸುವವರು ಚೀಟಿಯಲ್ಲಿ ಹೆಸರು, ನಕ್ಷತ್ರ, ಕೋರಿಕೆ ಬರೆದು ಕೊಡುತ್ತಾರೆ. ಅರ್ಚಕರು ಸಂಕಲ್ಪದಲ್ಲಿ ಅದನ್ನು ಓದುತ್ತಾರೆ. ಎಲ್ಲರೂ "ಕುಟುಂಬ ಕ್ಷೇಮ" ಅಂತ ಬರೆದು ಮುಗಿಸುತ್ತಾರೆ. ನಾನು ಟೈಪಿಂಗ್ ಕಲಿಸಿದವಳು, ಅರ್ಧಂಬರ್ಧ ಬರೆದು ಗೊತ್ತಿಲ್ಲ. ಅವಳ ಹೆಸರು, ತೀರಿಕೊಂಡ ತಂದೆಯ ಹೆಸರು, ಪುಷ್ಯ ನಕ್ಷತ್ರ, ಆಮೇಲೆ ದುಂಡಗೆ: "ವಯಸ್ಸಾದ ವರನ ಮೇಲಿನ ಮೋಹ ಬಿಡಲಿ, ತಕ್ಕ ವಯಸ್ಸಿನ ವರ ಸಿಗಲಿ."

ಪ್ರತಿ ವರ್ಷ ಅರ್ಚಕರು ಗರ್ಭಗುಡಿಯಲ್ಲಿ ಮೆಲ್ಲಗೆ ಓದುತ್ತಿದ್ದರು. ಆ ಶ್ರಾವಣಕ್ಕೆ ಯಾರೋ ಭಕ್ತರು ಗುಡಿಗೆ ಮೈಕು ಕೊಟ್ಟಿದ್ದು ನನಗೆ ತಿಳಿದಿರಲಿಲ್ಲ. ಕೊರಳಿಗೆ ಸಿಕ್ಕಿಸುವ ಮೈಕು. ಗುಡಿಯ ಒಳಗೊಂದು, ಬೀದಿಗೊಂದು ಸ್ಪೀಕರು.

ಅರ್ಚಕರು ಏನು ಕೊಟ್ಟರೂ ಸಂಸ್ಕೃತ ಮಾಡಿಬಿಡುವವರು. ಅವಳ ಹೆಸರು ಹೇಳಿ, ತಂದೆಯ ಹೆಸರು ಹೇಳಿ, "ಪುಷ್ಯ ನಕ್ಷತ್ರೇ ಜಾತಾಯಾಃ, ವೃದ್ಧವರ ವ್ಯಾಮೋಹ ನಿವಾರಣಾರ್ಥಂ, ಸಮವಯಸ್ಕ ವರ ಪ್ರಾಪ್ತ್ಯರ್ಥಂ..." ಅಂದರು. ಹೊರಗೆ ಬಾಳೆಹಣ್ಣು ಮಾರುವವನಿಗೂ ಅರ್ಥವಾಗುವ ಸಂಸ್ಕೃತ ಅದು. ಅವನು ತಕ್ಕಡಿ ಕೆಳಗಿಟ್ಟ.

ಹೆಂಗಸರ ಸಾಲಿನಲ್ಲಿ ಅವಳ ಸೋದರತ್ತೆ ನಿಂತಿದ್ದರು. ಪಕ್ಕದಲ್ಲಿ ಅವಳ ತಾಯಿ.

"ಏನೇ ಇದು?" ಸೋದರತ್ತೆಯ ದನಿಗೆ ಮೈಕು ಬೇಕಿರಲಿಲ್ಲ. "ನಮ್ಮ ಮನೆ ಹುಡುಗಿ ಮುದುಕನ ಹಿಂದೆ ಬಿದ್ದಾಳಾ? ಊರಿಗೆಲ್ಲ ಗೊತ್ತಾಗಿದೆ, ನಮಗೆ ಗೊತ್ತಿಲ್ಲ!"

ಗುಡಿಯಲ್ಲಿದ್ದವರೆಲ್ಲ ತಾಯಿಯ ಕಡೆ ತಿರುಗಿದರು. ಆಕೆ ದನಿ ಎತ್ತಿದ್ದನ್ನು ನಾನು ಹತ್ತು ವರ್ಷದಲ್ಲಿ ಕೇಳಿದವಳಲ್ಲ. ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ನನ್ನ ಮಗಳಿಗೆ ಏನೂ ಅನ್ನಬೇಡಿ. ಆ ಸಂಬಂಧ ನೋಡ್ತಿದ್ದದ್ದು ಅವಳಿಗಲ್ಲ. ನನಗೆ. ಒಬ್ಬಳೇ ಇರಬೇಡ ಅಂತ ಅವಳೇ ಹುಡುಕಿದಳು. ನಾನೇ ಹೂಂ ಅಂದಿದ್ದೆ."

ಗಂಟೆ ಹೊಡೆಯುವವರು ಹಗ್ಗ ಹಿಡಿದು ಹಾಗೇ ನಿಂತರು. ಮೈಕು ಮಾತ್ರ ಆನ್ ಆಗಿತ್ತು. ಕೈಯಲ್ಲಿ ಬಿಲ್ವಪತ್ರೆ ಹಿಡಿದುಕೊಂಡಿದ್ದ ಅರ್ಚಕರಿಗೆ ಸಂಕಲ್ಪ ಅರ್ಧಕ್ಕೆ ನಿಂತ ಚಿಂತೆ. ಅವರು ಕೇಳಿದ್ದು ಇಡೀ ಬೀದಿಗೆ ಕೇಳಿಸಿತು:

"ಹಾಗಾದ್ರೆ ಅಮ್ಮ, ಹೆಸರು ಬದಲಾಯಿಸಿ ಮತ್ತೆ ಓದಲಾ? ಇಲ್ಲಾ, ಸಮವಯಸ್ಕ ವರನೇ ಸಿಕ್ಕ ಹಾಗಾಯ್ತಲ್ಲ, ಮಂಗಳಾರತಿ ಮಾಡಿಬಿಡಲಾ?"

ಗುಡಿಗೆ ಗುಡಿಯೇ ನಕ್ಕಿತು. ನಾನೂ ನಕ್ಕೆ. ತಡೆಯುವ ಮೊದಲೇ ಬಂದುಬಿಟ್ಟಿತು, ಶಿವ ಕ್ಷಮಿಸಲಿ. ಆಕೆ ನಗಲಿಲ್ಲ. ಸೆರಗು ಹೊದ್ದುಕೊಂಡರು, ತೀರ್ಥ ತೆಗೆದುಕೊಂಡರು, ಯಾರನ್ನೂ ನೋಡದೆ ಮೆಟ್ಟಿಲು ಇಳಿದು ಹೋದರು.

ಮುಂದಿನ ಭಾನುವಾರ ಆ ಐವತ್ತೇಳರವರು ಮನೆಗೆ ಬರುವುದಿತ್ತಂತೆ. ಸೋದರತ್ತೆಗೆ ನಿಧಾನವಾಗಿ ಹೇಳಿ ಒಪ್ಪಿಸಬೇಕೆಂದು ಅಮ್ಮ ಮಗಳು ಗುಟ್ಟಾಗಿಟ್ಟಿದ್ದರಂತೆ. ಮನೆಯ ಫೋನು ಅತ್ತೆಯ ಕೈಗೂ ಹೋಗುತ್ತದೆ ಅಂತ ಮಗಳು ಆಫೀಸಿನಲ್ಲಿ ನೋಡುತ್ತಿದ್ದಳಂತೆ. ಆ ಭಾನುವಾರ ಯಾರೂ ಬರಲಿಲ್ಲ. "ಸಾಕು ಬಿಡು, ಈ ವಯಸ್ಸಲ್ಲಿ ಗುಡಿಯಲ್ಲಿ ನಗಿಸಿಕೊಂಡದ್ದು ಸಾಕು" ಅಂದರಂತೆ ತಾಯಿ. ಆತ ಮೊದಲೇ ಕಳಿಸಿದ್ದ ಒಂದು ಮಲ್ಲಿಗೆ ಗಿಡ ಮಾತ್ರ ಅವರ ಬಾಗಿಲ ಬಳಿ ಕುಂಡದಲ್ಲಿದೆ. ನಾನು ಆ ದಾರಿಯಲ್ಲಿ ಹೋಗುವಾಗ ನೋಡುತ್ತೇನೆ. ಒಣಗಿಲ್ಲ. ದಿನಾ ನೀರು ಹಾಕುತ್ತಾರೆ.

ಪಕ್ಕದವಳು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು. "ನನ್ನದು ನೋಡಲ್ಲ ಅಂದಿದ್ರಿ ಆಂಟಿ" ಅಂದಳು.

"ನಿನ್ನ ಒಳ್ಳೇದಕ್ಕೇ ಕಣೇ. ದೇವರ ಹತ್ರ ತಾನೇ ಹೇಳಿದ್ದು..."

"ದೇವರೂ ದಿನಾ ಎಲ್ಲಾನೂ ನೋಡ್ತಾನಲ್ಲ ಆಂಟಿ. ಒಂದ್ಸಲನಾದ್ರೂ ನಮ್ಮ ಮೇಲೆ ಚೀಟಿ ಬರೆದಿದ್ದಾನಾ?"

ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು.

ಸುದ್ದಿ ಭದ್ರಾವತಿಗೂ ಹೋಯಿತು. ಆ ಹಿರಿಯರು ಏನೋ ಕೆಲಸಕ್ಕೆ ನಮ್ಮ ಆಫೀಸಿಗೆ ಬಂದವರು ಜೇಬಿನಿಂದ ನಿಂಬೆಹಣ್ಣು ತೆಗೆದು ನನ್ನ ಮೇಜಿಗೆ ಕಟ್ಟಿದರು. "ನನಗೆ ದೃಷ್ಟಿ ಆಗಬಾರದು ಅಂತಲಾ?" ಅಂದೆ.

"ಇಲ್ಲಮ್ಮ" ಅಂದರು, ಗಂಟು ಬಿಗಿ ಮಾಡುತ್ತ. "ನಿಮ್ಮಿಂದ ಉಳಿದೋರಿಗೆ ಆಗಬಾರದು ಅಂತ."

ಅಂದೇ ಮ್ಯಾನೇಜರ ಹತ್ತಿರ ಹೋದೆ. ಫೋಟೋ ನೋಡುವ ಕೆಲಸ ನನಗೆ ಬೇಡ ಅಂದೆ; ಊಟದ ಹೊತ್ತಿನ ಫೋಟೋ ತೆಗೆಯುವುದೇ ಬೇಡ ಅಂದೆ.

"ಅದು ಮೇಲಿನವರ ನಿರ್ಧಾರ ಅಮ್ಮ. ನನ್ನ ಕೈಲಿಲ್ಲ."

"ಆಗಲಿ ಸಾರ್. ನಿಮ್ಮ ನಕ್ಷತ್ರ ಯಾವುದು ಹೇಳಿ. ಸೋಮವಾರ ನಿಮ್ಮ ಹೆಸರಲ್ಲೂ ಒಂದು ಅರ್ಚನೆ ಮಾಡಿಸ್ತೀನಿ. ಆನೆ ಸ್ನಾನದ ವಿಷಯ ಸೇರಿಸಿ."

ಸಂಜೆಯೊಳಗೆ ಊಟದ ಹೊತ್ತಿನ ಫೋಟೋ ನಿಂತಿತು.

ಓಡಿಹೋಗಿ ಪಕ್ಕದವಳಿಗೆ ಹೇಳಿದೆ. ಅವಳು ಬಹಳ ದಿನದ ಮೇಲೆ ನನ್ನ ಮುಖ ನೋಡಿದಳು. ತುಟಿಯ ಅಂಚಿನಲ್ಲಿ ಸ್ವಲ್ಪ ನಗುವೂ ಬಂತು, ಬಂದು ಹೋಯಿತು. "ಒಂದೇ ಮಾತಿಗೆ ನಿಂತಿತಾ ಆಂಟಿ?"

"ನಿಂತಿತು ಕಣೇ."

"ಹಾಗಾದ್ರೆ ಸಹಿ ಹಾಕೋ ದಿನ ಕೇಳಿದ್ರೂ ನಿಲ್ತಿತ್ತು ಅಲ್ವಾ?"

ಈಗ ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತೇನೆ. ಎರಡು ರೊಟ್ಟಿ ಹೆಚ್ಚಿಗೆ ತರುವುದನ್ನು ಮಾತ್ರ ಬಿಟ್ಟಿಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನನ್ನಪ್ಪ ಒಳ್ಳೆಯದು ಮಾಡಲಿ. ನಿಮ್ಮ ಮನೆಯ ಮಲ್ಲಿಗೆ ಹೂಬಿಡಲಿ. ನಿಮ್ಮ ಎದೆಯಲ್ಲಿರುವುದು ಕರಡಿಗೆಯೊಳಗಿನ ಲಿಂಗದ ಹಾಗೆ ಬೆಚ್ಚಗೆ ಮುಚ್ಚಿಕೊಂಡಿರಲಿ. ಅದನ್ನು ನೋಡುವವನು ಅವನೊಬ್ಬನೇ ಆಗಲಿ. ಅವನ ಕೊರಳಲ್ಲಿ ಹಾವಿದೆ, ಮೈಕಿಲ್ಲ.